ಹಿತ್ತಿಲ ಬೇಲಿಯ ಬದಿಗೆ ಕಲ್ಲುಕಟ್ಟಿನ ತರಕಾರಿ ಪಾತಿ

ಎಕರೆಗಟ್ಟಲೆ ತೋಟವಿರುವ ಮನೆಗಳಲ್ಲೂ ಮಳೆಗಾಲದಲ್ಲಿ ತರಕಾರಿಯನ್ನು ಪೇಟೆಯಿಂದ ತರುವುದುಂಟು. ಹಿತ್ತಿಲಲ್ಲಿ ಜಾಗವಿಲ್ಲವೆಂದಲ್ಲ, ನೆಟ್ಟದ್ದು ಜುಲೈಯ ಜಡಿಮಳೆಗೆ ಬುಡ ಕೊಳೆತು ಹೋಗುತ್ತದೆಂದು. ಬೇಲಿಯ ಬದಿಗೆ ಒಂದೂವರೆ ಅಡಿ ಎತ್ತರದ ಕಲ್ಲಿನ ಪಾತಿ ಕಟ್ಟಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಕಟ್ಟಿದ ಮೊದಲ ಮಳೆಗಾಲದಲ್ಲೇ ಗೋಡೆ ಹೊರಕ್ಕೆ ವಾಲಿದ, ಇಲ್ಲವೇ ಪಾತಿಯೇ ಕೆಸರಿನ ತೊಟ್ಟಿಯಾದ ಉದಾಹರಣೆಗಳೂ ಇವೆ. ಎರಡಕ್ಕೂ ಕಾರಣ ಒಂದೇ: ಒಳಗಿನ ನೀರಿಗೆ ಹೊರದಾರಿ ಬಿಟ್ಟಿಲ್ಲ.

ಲೆಕ್ಕ ಹಾಕಿ ನೋಡಬಹುದು. ಒಳಅಳತೆಯಲ್ಲಿ 20 ಅಡಿ ಉದ್ದ, ಎರಡೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಪಾತಿಯೆಂದರೆ 75 ಘನ ಅಡಿ. ತಳದ ಜಲ್ಲಿಯನ್ನು ಕಳೆದರೂ ಸುಮಾರು 60 ಘನ ಅಡಿ ಮಣ್ಣು ಹಿಡಿಯುತ್ತದೆ. ನೆನೆದ ಮಣ್ಣು ಘನ ಅಡಿಗೆ 50 ಕಿಲೋ ತೂಗುವುದರಿಂದ ಒಟ್ಟು ಮೂರು ಟನ್ ಆಯಿತು. ಮಣ್ಣು ಗೋಡೆಯನ್ನು ದೂಡುವುದು ಸ್ವಲ್ಪವೇ. ಅದರೊಳಗೆ ನೀರು ಕಟ್ಟಿ ನಿಂತಾಗ ಆ ಒತ್ತಡ ಬಹಳ ಹೆಚ್ಚುತ್ತದೆ. ಆದುದರಿಂದ ಸಿಮೆಂಟು ಹೆಚ್ಚು ಸುರಿಯುವುದಕ್ಕಿಂತ ನೀರು ಬಸಿಯುವ ದಾರಿ ಮಾಡುವುದು ಮುಖ್ಯ.

ಕರಾವಳಿ, ಮಲೆನಾಡಿನಲ್ಲಿ ಈ ಕೆಲಸಕ್ಕೆ ಕೆಂಪುಕಲ್ಲೇ ಅನುಕೂಲ. ನೆಲದಿಂದ ಕಡಿಯುವಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು ಇದು. ಬುಕಾನನ್ 1800ರಲ್ಲಿ ಮಲಬಾರಿನಲ್ಲಿ ಇದನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಕರೆದ. ಲ್ಯಾಟಿನ್ನಿನಲ್ಲಿ ಲೇಟರ್ ಎಂದರೆ ಇಟ್ಟಿಗೆ. ನಮ್ಮ ಜಂಬಿಟ್ಟಿಗೆ ಎಂಬ ಮಾತಿನಲ್ಲೂ ಇಟ್ಟಿಗೆಯೇ ಇದೆ. ಕಡಿದ ಕೂಡಲೇ ಕಟ್ಟದೆ ಕೆಲವು ವಾರ ಒಣಗಿದ ಕಲ್ಲನ್ನು ಆರಿಸತಕ್ಕದ್ದು. ಮುಟ್ಟಿದರೆ ಬಿಳಿಮಣ್ಣು ಉದುರುವ ಕಲ್ಲು ಬೇಡ.

ಗಟ್ಟಿ ನೆಲ ಸಿಗುವವರೆಗೆ, ಕಡಿಮೆಯೆಂದರೆ ಒಂದು ಅಡಿ, ಪಾಯ ತೆಗೆದು ಒರಟು ಕಲ್ಲು ತುಂಬಿ ಗುದ್ದಬೇಕು. ಮೇಲೆ ಎರಡು ಸಾಲು ಕಲ್ಲು, ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಗಾರೆ ಸಾಕು. ಕೆಳಸಾಲಿನಲ್ಲಿ, ನೆಲಮಟ್ಟದಲ್ಲೇ, ಮೂರು ಅಡಿಗೊಂದರಂತೆ ಕಿಂಡಿ ಬಿಡಬೇಕು. ಒಂದಂಗುಲದ ಪೈಪಿನ ತುಂಡು ಇಟ್ಟರೂ ಸರಿ, ಎರಡು ಕಲ್ಲುಗಳ ನಡುವಿನ ಸಂದಿಗೆ ಗಾರೆ ಹಾಕದೆ ಬಿಟ್ಟರೂ ಸರಿ. ಕಿಂಡಿಯ ಒಳಬದಿಗೆ ಜಲ್ಲಿ ಒತ್ತಿಡದಿದ್ದರೆ ಮಣ್ಣು ಬಂದು ಮುಚ್ಚಿಬಿಡುತ್ತದೆ. ಕೆಲವು ಮೇಸ್ತ್ರಿಗಳು "ತಳಕ್ಕೂ ಒಂದು ಕಾಂಕ್ರೀಟು ಹಾಕಿಬಿಡೋಣ, ಕಳೆ ಬರುವುದಿಲ್ಲ" ಎನ್ನುತ್ತಾರೆ. ಒಪ್ಪಲೇಬಾರದು. ತಳ ಬರಿಯ ನೆಲವಾಗಿಯೇ ಇರಲಿ. ಅದನ್ನು ಕೊಂಚ ಅಗೆದು, ನಾಲ್ಕಂಗುಲ ಜಲ್ಲಿ ಹರಡಿ, ಮೇಲೆ ತೆಂಗಿನ ಸಿಪ್ಪೆಯನ್ನು ಕವುಚಿ ಹಾಸಿದರೆ ಮಣ್ಣು ಜಲ್ಲಿಗೆ ಇಳಿಯುವುದಿಲ್ಲ.

ಬೇಲಿಯನ್ನೇ ನಾಲ್ಕನೆಯ ಗೋಡೆಯಾಗಿ ಬಳಸಿ ಖರ್ಚು ಉಳಿಸುವ ಯೋಚನೆ ಹಲವರಿಗೆ ಬರುವುದು ಸಹಜ. ಮಣ್ಣು ತಾಗಿದ ಮರದ ಗೂಟ ಕೊಳೆಯುತ್ತದೆ, ತಂತಿ ತುಕ್ಕು ಹಿಡಿಯುತ್ತದೆ. ಗೊಬ್ಬರದ ಗಿಡದ ಬೇಲಿಯಾದರೆ ಅದರ ಬೇರೇ ಪಾತಿಯ ಸಾರವನ್ನೆಲ್ಲ ಹೀರುತ್ತದೆ. ಒಂದೂವರೆ ಅಡಿ ಬಿಟ್ಟು ನಾಲ್ಕೂ ಕಡೆ ಗೋಡೆ ಕಟ್ಟುವುದು ಲೇಸು; ಬೇಲಿ ಸವರಲೂ ಜಾಗವಾಗುತ್ತದೆ. ಕಿಂಡಿಗಳು ನಮ್ಮ ಅಂಗಳದ ಕಡೆಗೇ ಇರಲಿ. ಅವುಗಳ ನೀರು ಬಸಿಗಾಲುವೆ ಸೇರಬೇಕೇ ಹೊರತು ನೆರೆಯವರ ಹಿತ್ತಿಲನ್ನಲ್ಲ.

ಮಣ್ಣಿನ ವಿಷಯದಲ್ಲಿ ಸ್ವಲ್ಪ ಹೆಚ್ಚೇ ಎಚ್ಚರ ಬೇಕು. ನಮ್ಮ ಹುಳಿ ಮಣ್ಣಿನಲ್ಲಿ ಬದನೆ, ಟೊಮೆಟೊ, ಮೆಣಸಿನ ಗಿಡಗಳು ಹಸಿರಾಗಿರುವಾಗಲೇ ಒಮ್ಮೆಲೇ ಬಾಡಿ ಸಾಯುವುದು ದುಂಡಾಣುವಿನಿಂದ ಬರುವ ಸೊರಗು ರೋಗ. ಆ ದುಂಡಾಣು ಮಣ್ಣಿನಲ್ಲಿಯೇ ವರ್ಷಗಟ್ಟಲೆ ಉಳಿಯುತ್ತದೆ. ಗಿಡ ಸೊರಗಿದ ಜಾಗದಿಂದಾಗಲಿ, ಶುಂಠಿ ಕೊಳೆತ ಗದ್ದೆಯಿಂದಾಗಲಿ, ಕಾಳುಮೆಣಸಿನ ಬಳ್ಳಿ ಸತ್ತ ಬುಡದಿಂದಾಗಲಿ ಮಣ್ಣು ತಂದರೆ ಕಲ್ಲುಕಟ್ಟಿನ ಖರ್ಚೆಲ್ಲ ನಷ್ಟ. ತರಕಾರಿ ಕಾಣದ ಜಾಗದ ಮೇಲ್ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಒಂದು ಪಾಲು, ಮಣ್ಣು ಜಿಗುಟಾಗಿದ್ದರೆ ಮರಳು ಒಂದು ಪಾಲು ಬೆರೆಸಬಹುದು. ಕಾಫಿ ಸಿಪ್ಪೆಯನ್ನು ಹಸಿಯಾಗಿ ಹಾಕಬಾರದು, ಕಾಂಪೋಸ್ಟಾದ ಮೇಲೆ ಉತ್ತಮ ಗೊಬ್ಬರ.

ಕಾಫಿ ಕೊಯ್ಲು ಮುಗಿದ ಮಾರ್ಚ್ ಅಥವಾ ಏಪ್ರಿಲ್ ತಿಂಗಳು ಕಟ್ಟಲು ಸರಿಯಾದ ಕಾಲ. ಗೋಡೆಗೆ ಒಂದು ವಾರ ನೀರುಣಿಸಿ, ಅನಂತರವೇ ಮಣ್ಣು ತುಂಬತಕ್ಕದ್ದು. ಮುಂಗಾರಿಗೆ ಬೆಂಡೆ, ಅಲಸಂಡೆ ಹಾಕಿ, ಹೀರೆ, ಮುಳ್ಳುಸೌತೆಯ ಬಳ್ಳಿಗಳನ್ನು ಬೇಲಿಯ ಕಡೆ ನೆಟ್ಟು ಚಪ್ಪರಕ್ಕೆ ಹಬ್ಬಿಸಬಹುದು. ಬೇಸಿಗೆಯಲ್ಲಿ ಎತ್ತರದ ಪಾತಿ ಬೇಗ ಒಣಗುವುದಂತೂ ನಿಜ. ಅಡಿಕೆ ಸೋಗೆ ಮುಚ್ಚಿದರೂ ಹರಿವೆ, ಬಸಳೆಗೆ ದಿನಾ ನೀರು ಬೇಕು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾತಿಯಿದ್ದರೆ ಎರಡನೆಯ ಸಲ ಜಾಲಾಡಿದ ನೀರನ್ನು ಅದಕ್ಕೆ ತಿರುಗಿಸಿಕೊಳ್ಳಬಹುದು.