ಗೆರೆಯೆಳೆಯುವ ಚಾಕು

ಚಾಕುವೆಂದರೆ ಒಂದನ್ನು ಎರಡಾಗಿಸುವ ಸಾಧನವೆಂಬುದು ಲೋಕರೂಢಿ. ಆದರೆ ಕತ್ತರಿಸಿದ ಮೇಲೂ ವಸ್ತುವನ್ನು ಇಡಿಯಾಗಿಯೇ ಉಳಿಸುವ ಚಾಕುವೊಂದುಂಟು. ಮೂರು ಆಯಾಮದ ರೂಪಗಳನ್ನು ಗಣಕಯಂತ್ರದಲ್ಲಿ ರಚಿಸುವ ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ನಾನು ಅದನ್ನು ಬಳಸಿದ್ದೇನೆ. 2002ರಿಂದ ಮುಕ್ತ ತಂತ್ರಾಂಶವಾಗಿರುವ ಇದು ಯಾವ ವಿದ್ಯಾರ್ಥಿಗೂ ಬಿಡಿಕಾಸಿನ ಖರ್ಚಿಲ್ಲದೆ ದೊರೆಯುತ್ತದೆ.

ಅಲ್ಲಿನ ರೂಪಗಳಿಗೆ ತಿರುಳಿಲ್ಲ, ತೊಗಲು ಮಾತ್ರ. ಶೃಂಗಗಳನ್ನು ಅಂಚುಗಳಿಂದ ಜೋಡಿಸಿ, ಅಂಚುಗಳ ನಡುವೆ ಮುಖಗಳನ್ನು ಹೊದಿಸಿದ ಬಲೆ ಅದು. ಮೆಷ್ ಎಂದು ಅದರ ಹೆಸರು. ರೂಪವನ್ನು ತಿದ್ದುವಾಗ ‘ಕೆ’ ಕೀಲಿಯನ್ನೊತ್ತಿದರೆ ಚಾಕು ಕೈಗೆ ಬರುತ್ತದೆ. ಮುಖದ ಮೇಲೆ ಒಂದು ಅಂಚಿನಿಂದ ಇನ್ನೊಂದಕ್ಕೆ ಗೆರೆಯೆಳೆದು ಎಂಟರ್ ಒತ್ತಿದೊಡನೆ ಆ ಗೆರೆಯೇ ಹೊಸ ಅಂಚಾಗುತ್ತದೆ. ಮುಖ ಎರಡಾಗುತ್ತದೆ, ಆಕಾರ ಮಾತ್ರ ಕೂದಲೆಳೆಯಷ್ಟೂ ಬದಲಾಗದು.

ಇದರ ಲೆಕ್ಕವೂ ಸೊಗಸಾದುದು. ಘನಾಕೃತಿಗೆ 8 ಶೃಂಗಗಳು, 12 ಅಂಚುಗಳು, 6 ಮುಖಗಳು. ಶೃಂಗಗಳನ್ನೂ ಮುಖಗಳನ್ನೂ ಕೂಡಿದರೆ ಅಂಚುಗಳಿಗಿಂತ ಎರಡು ಹೆಚ್ಚೆಂಬ ನಿಯಮವನ್ನು ಗಣಿತಜ್ಞ ಆಯ್ಲರ್ 1750ರಲ್ಲಿ ಪತ್ರವೊಂದರಲ್ಲಿ ಬರೆದನು. ಒಂದು ಮುಖದ ಮೇಲೆ ಮೂಲೆಯಿಂದ ಮೂಲೆಗೆ ಸೀಳುಗೆರೆ ಎಳೆಯಿರಿ: ಅಂಚುಗಳು 13, ಮುಖಗಳು 7. ನಿಯಮಕ್ಕೆ ಭಂಗವಿಲ್ಲ.

ಆಕಾರವನ್ನೇ ಬದಲಿಸದ ಗೆರೆಯಿಂದ ಪ್ರಯೋಜನವೇನೆಂದು ವಾಚಕರು ಕೇಳಬಹುದು. ಪ್ರಯೋಜನ ತಿಳಿಯುವುದು ರೂಪವು ಚಲಿಸಬೇಕಾದಾಗ. ಗೆರೆಯಿಲ್ಲದೆಡೆ ಬೆರಳು ಮಡಿಯಲಾರದು. ಗೆಣ್ಣಿನಲ್ಲಿ ಒಂದೇ ಗೆರೆಯಿದ್ದರೆ ಅದು ಮಡಿಸಿದ ಕಾಗದದಂತೆ ಮೊನಚಾಗುತ್ತದೆ. ಆದುದರಿಂದ ಬಲ್ಲವರು ಅಲ್ಲಿ ಮೂರು ಗೆರೆಗಳನ್ನು ಬಳಸಿ ತರುತ್ತಾರೆ. ಚಾಕುವಾದರೋ ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಮುಖಗಳನ್ನಷ್ಟೇ ಸೀಳುತ್ತದೆ. ಹಿಂಬದಿಗೂ ಗೆರೆ ಹಾಯಬೇಕಾದರೆ ಬೇರೆಯೇ ಅಪ್ಪಣೆ ಕೊಡಬೇಕು. ಬೇಡದೆಡೆ ಎಳೆದ ಗೆರೆಯೋ, ಮುಂದಿನ ಕೆಲಸವೆಲ್ಲವೂ ಹೊರಬೇಕಾದ ಹೊರೆ.

ಈ ವಿವೇಕ ಹೊಸದಲ್ಲ. 1972ರಲ್ಲಿ ಯೂಟಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಎಡ್ವಿನ್ ಕ್ಯಾಟ್ಮಲ್ ತಮ್ಮ ಎಡಗೈಯ ಅಚ್ಚು ತೆಗೆದು, ಪ್ಲಾಸ್ಟರಿನ ಪ್ರತಿಕೃತಿಯ ಮೇಲೆ ಶಾಯಿಯಿಂದ ಸುಮಾರು 350 ಬಹುಭುಜಗಳನ್ನು ಬರೆದರು. ಅವುಗಳ ಮೂಲೆಗಳನ್ನು ಅಳೆದು ಗಣಕಯಂತ್ರಕ್ಕೆ ಉಣಿಸಿದರು. ಫ್ರೆಡ್ ಪಾರ್ಕ್ ಅವರೊಡನೆ ರಚಿಸಿದ ಆ ಕಿರುಚಿತ್ರದಲ್ಲಿ ಕೈ ತೆರೆಯಿತು, ಮುಚ್ಚಿತು, ನೋಡುಗರತ್ತ ಬೆರಳು ಚಾಚಿತು. 2011ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಯಲ್ಲಿ ಅದಕ್ಕೆ ಸ್ಥಾನ ದೊರೆಯಿತು.

ಒಂದೊಂದು ಗೆರೆಗೂ ಅಷ್ಟು ಶ್ರಮವಿದ್ದಾಗ ಎಳೆಯುವ ಮೊದಲು ಕೈಯನ್ನು ದಿಟ್ಟಿಸಿ ನೋಡಲೇಬೇಕಾಗಿತ್ತು. ಇಂದು ಬೆರಳ ಸುತ್ತ ಹತ್ತು ಗೆರೆಗಳು ಕ್ಷಣದಲ್ಲಿ ಮೂಡುತ್ತವೆ. ನೋಡುವ ಅಗತ್ಯವೇ ಮರೆತುಹೋಗುವಷ್ಟು ಸುಲಭವಾಗಿ. ನನ್ನ ಕಳವಳ ಇದೊಂದೇ. ಚಾಕು ಎಷ್ಟು ಹರಿತವಾದರೂ ಎಲ್ಲಿ ಸೀಳಬೇಕೆಂಬುದನ್ನು ಅದು ಹೇಳಿಕೊಡದು. ಕಲಿಸುವವರು ಕೀಲಿಗಳಿಗಿಂತ ಮೊದಲು ಕಲಿಸಬೇಕಾದುದು ನೋಟವನ್ನು.

ಅಂಗೈ ನೋಡಿ ಭವಿಷ್ಯ ಹೇಳುವವರನ್ನು ನಾನು ನಂಬುವವನಲ್ಲ. ಆದರೂ ಅಲ್ಲಿನ ರೇಖೆಗಳು ಒಂದು ಮಾತನ್ನು ತಪ್ಪದೆ ಹೇಳುತ್ತವೆ: ಈ ಕೈ ಮಡಿಯುವುದು ಎಲ್ಲಿ ಎಂಬುದನ್ನು. ಗೆರೆಯೆಳೆಯ ಹೊರಟವರಿಗೆ ಅದಕ್ಕಿಂತ ಒಳ್ಳೆಯ ಪಾಠ ಇನ್ನೆಲ್ಲಿದೆ?