ಪಶುವೈದ್ಯವೃತ್ತಿಗೆ ಬೇಕಾದ ವಿದ್ಯಾರ್ಹತೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲೂಕುಗಳಲ್ಲಿ ಅಡಕೆಯ ತೋಟಕ್ಕೂ ದನದ ಕೊಟ್ಟಿಗೆಗೂ ಬಿಡದ ನಂಟುಂಟು. ಬೆಟ್ಟದಿಂದ ಹೊತ್ತು ತಂದ ಸೊಪ್ಪು ಕೊಟ್ಟಿಗೆಯಲ್ಲಿ ದನಗಳ ಕಾಲ್ತುಳಿತಕ್ಕೆ ಸಿಕ್ಕಿ ಗೊಬ್ಬರವಾಗಿ ಮರದ ಬುಡವನ್ನು ಸೇರತಕ್ಕದ್ದು. ಆದಕಾರಣ ಒಂದು ರಾಸು ಸತ್ತರೆ ಹಾಲಿನ ನಷ್ಟವೊಂದೇ ಅಲ್ಲ. ಈ ಸೀಮೆಯ ಮಲೆನಾಡು ಗಿಡ್ಡವು ೨೦೧೨ರಲ್ಲಿ ಪ್ರತ್ಯೇಕ ತಳಿಯೆಂದು ಅಂಗೀಕೃತವಾಯಿತು. ಅದು ಜಡಿಮಳೆಯನ್ನೂ ಒರಟು ಮೇವನ್ನೂ ಸಹಿಸಿಕೊಂಡು ಬದುಕುವ ಗಟ್ಟಿ ಜಾತಿ. ಮಿಶ್ರತಳಿಯ ಹಸುವಾದರೋ ಹೆಚ್ಚು ಹಾಲು ಕೊಡುವುದು ನಿಜ, ಆದರೆ ಅದಕ್ಕೆ ವೈದ್ಯನ ಅವಶ್ಯಕತೆಯೂ ಅಷ್ಟೇ ಹೆಚ್ಚು.

ಇದಕ್ಕೆ ಹಾಲುಜ್ವರವೆಂಬ ವ್ಯಾಧಿಯೇ ಉದಾಹರಣೆ. ಹೆಚ್ಚು ಹಾಲು ಕೊಡುವ ಹಸುವು ಕರು ಹಾಕಿದ ಒಂದೆರಡು ದಿವಸಗಳಲ್ಲಿ ಏಳಲಾರದೆ, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಬಿದ್ದುಬಿಡುತ್ತದೆ. ಹೆಸರು ಜ್ವರವೆಂದಿದ್ದರೂ ಮೈ ತಣ್ಣಗಿರುವುದು ಇದರ ವಿಚಿತ್ರ. ರಕ್ತದಲ್ಲಿ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಹಠಾತ್ತನೆ ಕುಗ್ಗುವುದೇ ಕಾರಣ. ಕ್ಯಾಲ್ಸಿಯಂ ದ್ರವವನ್ನು ರಕ್ತನಾಳಕ್ಕೆ ನಿಧಾನವಾಗಿ ಹರಿಸಿದರೆ ಸಾಯುವಂತಿದ್ದ ಹಸು ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲುವುದುಂಟು. ಅದೇ ದ್ರವವನ್ನು ಅವಸರದಿಂದ ಹರಿಸಿದರೆ ಹೃದಯ ನಿಂತು ಸಾಯುವುದೂ ಉಂಟು. ಸೀಸೆ ಒಂದೇ, ಸೂಜಿಯೂ ಒಂದೇ. ಎದೆಬಡಿತವನ್ನು ಆಲಿಸುತ್ತ ಯಾವಾಗ ನಿಲ್ಲಿಸಬೇಕೆಂಬುದನ್ನು ಅರಿತ ಕೈ ಮಾತ್ರ ಬೇರೆ. ಚೀಲವೊಂದನ್ನು ಹೆಗಲಿಗೇರಿಸಿ ಊರೂರು ತಿರುಗುವವರೆಲ್ಲರನ್ನೂ ಡಾಕ್ಟರೆಂದು ಕರೆಯುವ ವಾಡಿಕೆಯು ಎಷ್ಟು ಅಪಾಯಕರವೆಂಬುದು ಇದರಿಂದ ವಿಶದವಾಗುವುದು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ೧೯೮೪ರ ಭಾರತೀಯ ಪಶುವೈದ್ಯ ಪರಿಷತ್ತಿನ ಅಧಿನಿಯಮದ ಪ್ರಕಾರ, ಅಂಗೀಕೃತ ಪದವಿಯನ್ನು ಪಡೆದು ಪರಿಷತ್ತಿನ ದಾಖಲೆಯಲ್ಲಿ ಹೆಸರನ್ನು ನೋಂದಾಯಿಸಿಕೊಂಡವನೇ ಪಶುವೈದ್ಯನು. ಜನರು ಲೈಸೆನ್ಸು ಎನ್ನುವುದು ವಾಸ್ತವವಾಗಿ ಈ ನೋಂದಣಿಯೇ. ಕರ್ನಾಟಕದಲ್ಲಿ ಇದನ್ನು ರಾಜ್ಯ ಪಶುವೈದ್ಯ ಪರಿಷತ್ತು ನಡೆಸುತ್ತದೆ. ಐದು ವರ್ಷಗಳಿಗೊಮ್ಮೆ ನವೀಕರಿಸಿಕೊಳ್ಳತಕ್ಕದ್ದು. ಪಶುವೈದ್ಯಕೀಯ ಪ್ರಮಾಣಪತ್ರಕ್ಕೆ ರುಜು ಹಾಕುವ ಅಧಿಕಾರ ಹೀಗೆ ನೋಂದಾಯಿತನಾದವನಿಗೆ ಮಾತ್ರವಿದೆ. ವಿಮೆ ಮಾಡಿಸಿದ ಹಸು ಸತ್ತಾಗ ಮರಣೋತ್ತರ ಪರೀಕ್ಷೆಯ ಪತ್ರವನ್ನು ಕೇಳುವ ದಿನ ಈ ಮಾತಿನ ಬೆಲೆ ತಿಳಿಯುತ್ತದೆ. ಡಿಪ್ಲೊಮಾ ಪಡೆದ ಪಶುವೈದ್ಯಕೀಯ ಪರೀಕ್ಷಕರು ಸಣ್ಣಪುಟ್ಟ ಚಿಕಿತ್ಸೆಗಳನ್ನು ಸರ್ಕಾರದ ಅನುಮತಿಯಂತೆ, ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡಬಹುದು. ಕೃತಕ ಗರ್ಭಧಾರಣೆಗೆಂದು ತರಬೇತಿ ಪಡೆದವರು ಆ ಕಾರ್ಯಕ್ಕಷ್ಟೇ ಅರ್ಹರು. ಇವರ ಸೇವೆ ಹಗುರವಾದುದೆಂದು ಯಾರೂ ಭಾವಿಸಬಾರದು. ಆದರೆ ಅದರ ಎಲ್ಲೆ ಬೇರೆ. ಬಂದವರ ನೋಂದಣಿ ಸಂಖ್ಯೆಯನ್ನು ಊರಿನ ಯಜಮಾನರು ವಿಚಾರಿಸುವುದು ಅಗೌರವವೇನೂ ಅಲ್ಲ.

ಇನ್ನು ಈ ವಿದ್ಯೆಗೆ ಮಕ್ಕಳನ್ನು ಕಳುಹಿಸುವ ವಿಚಾರ. ಹತ್ತನೆಯ ತರಗತಿ ಮುಗಿದು ಪದವಿಪೂರ್ವ ಕಾಲೇಜನ್ನು ಸೇರುವ ದಿನವೇ ಇದರ ನಿರ್ಧಾರವಾಗಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಜೊತೆಗೆ ಜೀವಶಾಸ್ತ್ರವನ್ನು ಓದದಿದ್ದವರಿಗೆ ಈ ಬಾಗಿಲು ತೆರೆಯದು. ಗಣಕಯಂತ್ರದ ಕೆಲಸಕ್ಕೆ ಆಸೆಪಟ್ಟು ಜೀವಶಾಸ್ತ್ರವನ್ನು ಬಿಟ್ಟವರು ಎರಡು ವರ್ಷಗಳ ತರುವಾಯ ಮನಸ್ಸು ಬದಲಿಸಿದರೆ ಪ್ರಯೋಜನವಿಲ್ಲ. ಈ ವಿಷಯಗಳಲ್ಲಿಯೂ ಇಂಗ್ಲಿಷಿನಲ್ಲಿಯೂ ಒಟ್ಟಿನ ಮೇಲೆ ನೂರಕ್ಕೆ ೫೦ ಅಂಕಗಳು ಬೇಕು, ಮೀಸಲಾತಿಯುಳ್ಳವರಿಗೆ ರಿಯಾಯಿತಿಯುಂಟು. ಸೇರುವ ವರ್ಷದ ಡಿಸೆಂಬರ್ ೩೧ಕ್ಕೆ ೧೭ ವರ್ಷ ತುಂಬಿರತಕ್ಕದ್ದು. ರಾಜ್ಯದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹಂಚುತ್ತದೆ. ನೂರಕ್ಕೆ ೧೫ ಸೀಟುಗಳು ಅಖಿಲ ಭಾರತ ಮಟ್ಟದಲ್ಲಿ ನೀಟ್ ಪರೀಕ್ಷೆಯ ಮೂಲಕ ಭರ್ತಿಯಾಗುತ್ತವೆ.

ಪದವಿಯ ಅವಧಿ ಐದೂವರೆ ವರ್ಷ. ಅದರಲ್ಲಿ ನಾಲ್ಕೂವರೆ ವರ್ಷ ಶರೀರರಚನೆ, ರೋಗನಿದಾನ, ಶಸ್ತ್ರಚಿಕಿತ್ಸೆ, ಪ್ರಸೂತಿ, ಪಶುಪಾಲನೆ ಮೊದಲಾದವುಗಳ ವ್ಯಾಸಂಗ. ಉಳಿದ ಒಂದು ವರ್ಷ ಆಸ್ಪತ್ರೆಯಲ್ಲಿಯೂ ಫಾರಂಗಳಲ್ಲಿಯೂ ಕೈಯಾರೆ ಮಾಡುವ ಅಭ್ಯಾಸ. ಅವಧಿ ದೀರ್ಘವೆಂದು ತೋರಬಹುದು. ಆದರೆ ಹಿಂದೆ ಮೈಸೂರು ಸಂಸ್ಥಾನದವರು ಈ ವಿದ್ಯೆಗಾಗಿ ೧೯೦೩ರಲ್ಲಿ ಸ್ಥಾಪಿತವಾದ ಮದರಾಸಿನ ಕಾಲೇಜಿನಂಥ ದೂರದ ವಿದ್ಯಾಲಯಗಳಿಗೆ ಹೋಗಬೇಕಾಗಿತ್ತು. ೧೯೫೮ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕಾಲೇಜು ಏರ್ಪಟ್ಟಿತು. ಈಗ ಬೀದರಿನ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ಶಿವಮೊಗ್ಗದಲ್ಲಿಯೂ ಹಾಸನದಲ್ಲಿಯೂ ಇರುವುದರಿಂದ ಮಲೆನಾಡಿನವರು ದೂರದ ನೆಪವನ್ನು ಹೇಳುವಂತಿಲ್ಲ. ಹೆಣ್ಣುಮಕ್ಕಳಿಗೆ ಇದು ತಕ್ಕ ವೃತ್ತಿಯಲ್ಲವೆಂಬ ಮಾತು ಕೆಲವು ಮನೆಗಳಲ್ಲಿ ಇನ್ನೂ ಕೇಳಿಬರುವುದು. ಕೊಟ್ಟಿಗೆಯ ಕೆಲಸವನ್ನೆಲ್ಲ ಅವರಿಂದಲೇ ಮಾಡಿಸುವ ಮನೆಯವರು ಹೀಗೆನ್ನುವುದು ಆಶ್ಚರ್ಯ.

ರೈತರ ಮಕ್ಕಳಿಗೆಂದು ಕೆಲವು ಸೀಟುಗಳು ಪ್ರತ್ಯೇಕವಾಗಿ ಮೀಸಲಿವೆ. ಇವಕ್ಕೆ ವ್ಯವಸಾಯದ ಹಿಡುವಳಿ ಮತ್ತು ಆದಾಯದ ದಾಖಲೆಗಳನ್ನು ಒದಗಿಸಬೇಕಾಗುವುದಲ್ಲದೆ, ರೈತಾಪಿ ಕೆಲಸದ ಪರಿಚಯವನ್ನು ನೋಡುವ ಪ್ರಾಯೋಗಿಕ ಪರೀಕ್ಷೆಗೂ ಹಾಜರಾಗಬೇಕು. ಪಹಣಿಯು ಇನ್ನೂ ಅಜ್ಜನ ಹೆಸರಿನಲ್ಲಿಯೇ ಉಳಿದಿರುವ ಮನೆಗಳು ಈ ಸೀಮೆಯಲ್ಲಿ ವಿರಳವಲ್ಲ. ಅಂಥ ಮನೆಯವರು ಅರ್ಜಿಯ ಕಾಲ ಬಂದಾಗ ತಾಲೂಕು ಕಚೇರಿಗೆ ಅಲೆಯುವುದಕ್ಕಿಂತ, ಹುಡುಗನೋ ಹುಡುಗಿಯೋ ಪದವಿಪೂರ್ವ ಮೊದಲ ವರ್ಷದಲ್ಲಿರುವಾಗಲೇ ಖಾತೆಯನ್ನು ಸರಿಪಡಿಸಿಕೊಳ್ಳುವುದು ಉತ್ತಮ.