ಅಕ್ಕನ ಮದುವೆಗೆ ನಾನೇ ಅಕೌಂಟೆಂಟ್!

ಓದು ಮುಗಿಸಿ ಕೆಲಸ ಹುಡುಕುತ್ತಿರುವವರ ಮನೆಯಲ್ಲಿ ಮದುವೆ ನಿಶ್ಚಯವಾದರೆ ಏನಾಗುತ್ತೆ ಗೊತ್ತಲ್ಲ? ‘ನೀನು ಹೆಂಗೂ ಖಾಲಿ ಇದ್ದೀಯಲ್ಲ’ ಎಂಬ ಒಂದೇ ಮಾತಿನಲ್ಲಿ ಊರಿನ ಕೆಲಸವೆಲ್ಲ ನಮ್ಮ ತಲೆಗೆ ಬೀಳುತ್ತದೆ. ಎಂ.ಕಾಂ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ನನಗೂ ಹಾಗೇ ಆಯ್ತು. ಅಪ್ಪ ಒಂದು ಉದ್ದನೆಯ ನೋಟ್‌ಬುಕ್ ಕೈಗೆ ಕೊಟ್ಟು, ‘ಲೆಕ್ಕ ನೀನೇ ನೋಡ್ಕೊಳ್ಳಮ್ಮ, ಅದನ್ನೇ ತಾನೇ ಓದಿರೋದು’ ಅಂದರು.

ನಮ್ಮದು ತಿಪಟೂರು ಕಡೆಯ ಹಳ್ಳಿ, ತೆಂಗಿನ ತೋಟವೇ ಆಧಾರ. ಚೌಲ್ಟ್ರಿ, ಊಟ, ಒಡವೆ, ಬಟ್ಟೆ ಇವುಗಳಿಗೆ ಅಪ್ಪ ವರ್ಷಗಳಿಂದ ಕೂಡಿಟ್ಟಿದ್ದರು. ಅಲಂಕಾರ, ತಾಂಬೂಲ, ಫೋಟೊ ಎಂಬ ‘ಸಣ್ಣಪುಟ್ಟ’ ಖರ್ಚಿಗೆ ಎತ್ತಿಟ್ಟಿದ್ದು ಒಂದೂವರೆ ಲಕ್ಷ. ಮೂರಕ್ಕೂ ದರ ವಿಚಾರಿಸಿ ಬರೆದು ಕೂಡಿದೆ. ಸ್ಟೀಲ್ ಡಬ್ಬಿಯ ರಿಟರ್ನ್ ಗಿಫ್ಟ್ 180 ರೂಪಾಯಿಯಂತೆ 600ಕ್ಕೆ 1,08,000. ‘ಥೀಮ್’ ಅಲಂಕಾರಕ್ಕೆ 95,000. ಫೋಟೊ, ವಿಡಿಯೊ ಪ್ಯಾಕೇಜ್ 1,60,000. ಒಟ್ಟು 3,63,000!

ಅಪ್ಪ ಪುಸ್ತಕ ನೋಡಿ ಏನೂ ಮಾತಾಡಲಿಲ್ಲ. ರಾತ್ರಿ ಅಮ್ಮನ ಹತ್ತಿರ ಎರಡೆಳೆ ಸರ, ಬಳೆಗಳನ್ನು ಅಡ ಇಡುವ ಮಾತು ಪಿಸುದನಿಯಲ್ಲಿ ನಡೆದದ್ದು ಮಾತ್ರ ನಮ್ಮಿಬ್ಬರಿಗೂ ಕೇಳಿಸಿತು. ಅಕ್ಕ ಬೆಳಗ್ಗೆ ಎದ್ದವಳೇ, ‘ನನ್ನ ಮದುವೆ ಮುಗಿದ ಮೇಲೆ ಅಮ್ಮನ ಕತ್ತು ಖಾಲಿ ಇರಬಾರದು. ಮೂರನ್ನೂ ಮತ್ತೆ ಲೆಕ್ಕ ಹಾಕು’ ಅಂದಳು. ನನಗೂ ಸ್ವಾರ್ಥವಿತ್ತು. ಬಂದವರೆಲ್ಲ ‘ಮುಂದಿನದು ನಿಂದೇ’ ಎಂದು ಗಲ್ಲ ಹಿಂಡಿ ಹೋಗುತ್ತಿದ್ದರು. ಅಕ್ಕನಿಗೆ ಮಾಡಿದಷ್ಟು ನನಗೂ ಮಾಡಬೇಕು ಎಂಬ ಭಾರ ಅಪ್ಪನ ಮೇಲೆ ಕೂರುವುದು ಇದೇ ಪುಸ್ತಕದಿಂದ ತಾನೇ?

ಕಾಯಿ ಇಲ್ಲದ ತಾಂಬೂಲವೇ?

ಮೊದಲು ಸ್ಟೀಲ್ ಡಬ್ಬಿಗೆ ಕತ್ತರಿ. ನಮ್ಮ ಅಡುಗೆಮನೆಯ ಅಟ್ಟದಲ್ಲೇ ಬೇರೆಯವರ ಮದುವೆಯ ಡಬ್ಬಿಗಳು ಹನ್ನೊಂದಿದ್ದವು, ಒಂದನ್ನೂ ಬಳಸಿಲ್ಲ. ಯಾರ ಮದುವೆಯದ್ದು ಎಂದು ಅಮ್ಮನಿಗೂ ನೆನಪಿಲ್ಲ. ಎಲೆ, ಅಡಿಕೆ, ಬಾಳೆಹಣ್ಣು, ಕಾಯಿ ಹಾಕಿದ ತಾಂಬೂಲದ ಚೀಲವಾದರೆ ಮಾರನೇ ದಿನವೇ ಆ ಕಾಯಿ ಸಾರಿಗೋ ಚಟ್ನಿಗೋ ಬಿದ್ದಿರುತ್ತದೆ.

‘ತಿಪಟೂರಿನವರ ಮದುವೇಲಿ ಕಾಯಿಗೇನು ಬರ, ಮನೆಯದ್ದೇ ಇದೆಯಲ್ಲ, ಪುಕ್ಕಟೆ’ ಅಂದರು ಅಪ್ಪ. ಆಗ ನನ್ನೊಳಗಿನ ಎಂ.ಕಾಂ ಎದ್ದು ಕೂತಿತು. ಮಾರಿದರೆ ದುಡ್ಡು ಬರುವ ಕಾಯಿ ಪುಕ್ಕಟೆ ಹೇಗಾಗುತ್ತದೆ? ಉಂಡೆ ಕೊಬ್ಬರಿ ಮಾಡಲು ಅಟ್ಟದಲ್ಲಿ ತಿಂಗಳುಗಟ್ಟಲೆ ಕಾಯಿ ಕೂಡಿಡುವ ಅಪ್ಪನಿಗೆ ಇದನ್ನು ನಾನು ಹೇಳಿಕೊಡಬೇಕೇ? ಕಾಯಿಗೆ 25 ರೂಪಾಯಿಯಂತೆ ಹಿಡಿದು ಪುಸ್ತಕದಲ್ಲಿ 15,000 ಬರೆದೆ. ಅಪ್ಪ ನಕ್ಕು, ‘ಸರಿ ಕಣಮ್ಮ, ನಿನ್ನ ಲೆಕ್ಕದಲ್ಲಿ ನಾನೂ ಸಂಬಳಕ್ಕೆ ಇದ್ದೀನಾ?’ ಅಂದರು.

ಬಟ್ಟೆ ಚೀಲ 16 ರೂಪಾಯಿ, ಎಲೆ ಅಡಿಕೆ ಬಾಳೆಹಣ್ಣು 10 ರೂಪಾಯಿ, 600ಕ್ಕೆ 15,600. ಅಕ್ಕನನ್ನು ಎತ್ತಿ ಆಡಿಸಿದ 40 ಹತ್ತಿರದವರಿಗೆ ಮಾತ್ರ ಬೇರೆ ಏನಾದರೂ ಕೊಡೋಣ ಎಂದು ಚನ್ನಪಟ್ಟಣದ ಕುಂಕುಮದ ಭರಣಿ ತಂದೆವು. ಆಲೆಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಿಡಿಸುವ ಕೆಲಸ ಅದು. ಒಂದಕ್ಕೆ 120, ಒಟ್ಟು 4,800. ತಾಂಬೂಲದ ಬಾಬ್ತು 35,400ಕ್ಕೆ ನಿಂತಿತು.

ಇನ್ನೊಂದು ವಿಷಯ. ಲಗ್ನಪತ್ರಿಕೆಗೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ, ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ ಎರಡೂ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾಗಿವೆ. ಪ್ರಿಂಟಿಂಗ್ ಪ್ರೆಸ್‌ನವರಿಗೂ ಡೆಕೊರೇಷನ್‌ನವರಿಗೂ ಮೊದಲೇ ಹೇಳಿಬಿಡಿ.

ಬಿಳಿ ಸೀರೆ ನೇರಳೆಯಾಗುವ ಕಥೆ

ಡೆಕೊರೇಷನ್‌ನವರು ತೋರಿಸಿದ್ದೆಲ್ಲ ತಿಳಿಗುಲಾಬಿ, ಲ್ಯಾವೆಂಡರ್ ಬಣ್ಣಗಳೇ. ಅದಕ್ಕೆ ಹೊಂದುವಂತೆ ಮನೆಯ ಹೆಂಗಸರೆಲ್ಲ ಒಂದೇ ಬಣ್ಣದ ಸೀರೆ ಉಡಬೇಕಂತೆ, ಒಂದಕ್ಕೆ ನಾಲ್ಕೂವರೆ ಸಾವಿರವಂತೆ. ‘ಚೆನ್ನಾಗಿರುತ್ತೆ ಬಿಡು’ ಎಂದು ಚಿಕ್ಕಮ್ಮ ನಕ್ಕರು. ಅವರು ಗಾರ್ಮೆಂಟ್ಸ್‌ಗೆ ಹೋಗುವವರು, ಇಬ್ಬರು ಮಕ್ಕಳ ಫೀಸು ಕಟ್ಟುವವರು. ಆ ನಗುವಿನ ಹಿಂದಿನ ಲೆಕ್ಕ ಅಕ್ಕನಿಗೆ ಅರ್ಥವಾಯಿತು. ‘ಹಸಿರು ಇಲ್ಲಾ ಹಳದಿ, ಮನೇಲಿರೋ ಸೀರೇನೇ ಉಡಿ. ಹೊಸದು ತಗೊಂಡ್ರೆ ನಾನು ಮಾತಾಡಲ್ಲ’ ಎಂದು ಫ್ಯಾಮಿಲಿ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದಳು. ಹಸಿರು, ಹಳದಿ ಸೀರೆ ಇಲ್ಲದ ಬೀರು ನಮ್ಮ ಕಡೆ ಎಲ್ಲಿದೆ ಹೇಳಿ?

ನಮ್ಮಲ್ಲಿ ಧಾರೆಗೆ ಕೆಂಪಂಚಿನ ಬಿಳಿ ಸೀರೆ. ತಿಳಿಗುಲಾಬಿ ಪರದೆಯ ಮುಂದೆ ಅದು ಕಳೆದೇಹೋಗುತ್ತದೆ. ಮಾವಿನ ತೋರಣ, ಬಾಳೆಕಂದು, ಹೊಂಬಾಳೆ, ಚೆಂಡುಹೂವಿನ ಹಸಿರು-ಹಳದಿಯ ಮುಂದೆ ಎದ್ದು ಕಾಣುತ್ತದೆ. ಊರಿನ ಫೋಟೊಗ್ರಾಫರ್ ಅಣ್ಣ ಇನ್ನೊಂದು ಗುಟ್ಟು ಹೇಳಿಕೊಟ್ಟರು. ವೇದಿಕೆಗೆ ನೇರಳೆ, ನೀಲಿ ಎಲ್‌ಇಡಿ ಬಿಟ್ಟರೆ ಬಿಳಿ ಸೀರೆಯೂ ನೇರಳೆ, ಅರಿಶಿನ ಹಚ್ಚಿದ ಮುಖವೂ ಬೂದಿ ಬಣ್ಣ. ಒಂದು ಕಡೆಯಿಂದ ಹಳದಿ ಬೆಳಕು, ಇನ್ನೊಂದು ಕಡೆಯಿಂದ ನೀಲಿ ಬೆಳಕು ಬಿದ್ದರೆ, ಒಂದನ್ನು ಸರಿಮಾಡಲು ಹೋದಾಗ ಇನ್ನೊಂದು ಕೆಡುತ್ತದೆ. ಬಣ್ಣದ ಲೈಟು ಪೂರ್ತಿ ಬೇಡವೆಂದೆವು. ಅಲಂಕಾರ 40,000ಕ್ಕೆ ಇಳಿಯಿತು.

ಹಿಂದಿನ ಸಂಜೆಯ ಆರತಕ್ಷತೆಗೆ ಅಕ್ಕ ಉಟ್ಟಿದ್ದು ಅಮ್ಮನ ಹಳೆಯ ಮೈಸೂರು ಸಿಲ್ಕ್. ಬೆಳ್ಳಿಯ ಎಳೆಗೆ ಚಿನ್ನದ ಲೇಪ ಕೊಟ್ಟ ಜರಿ ಇಷ್ಟು ವರ್ಷವಾದರೂ ಕಪ್ಪಾಗಿರಲಿಲ್ಲ.

ಯಾರ ಫೋಟೊ ಬೇಕು?

ಫೋಟೊ ಪ್ಯಾಕೇಜಿನಲ್ಲಿ ಇಲ್ಲದ್ದೇ ಇಲ್ಲ. ಪ್ರೀ ವೆಡ್ಡಿಂಗ್ ಶೂಟ್, ಡ್ರೋನ್, ಎಲ್‌ಇಡಿ ವಾಲ್, ಟೀಸರ್, ಎರಡು ಆಲ್ಬಂ. ನಾವು ಪ್ರಶ್ನೆಯನ್ನೇ ತಿರುಗಿಸಿದೆವು. ಇಪ್ಪತ್ತು ವರ್ಷದ ನಂತರ ಯಾವ ಫೋಟೊ ಹುಡುಕುತ್ತೇವೆ? ಅಜ್ಜಿಯ ಮದುವೆಯದ್ದು ಒಂದೇ ಒಂದು ಫೋಟೊ ಇಲ್ಲ. ಅಜ್ಜ ಮದುಮಗನಾಗಿ ಹೇಗಿದ್ದರು ಎಂದು ಕೇಳಿದರೆ ಅಜ್ಜಿ, ‘ನಾನು ತಲೆ ಎತ್ತಿ ನೋಡಿದ್ದರೆ ತಾನೇ!’ ಅನ್ನುತ್ತಾರೆ. ಡ್ರೋನ್ ಮೇಲಿಂದ ತೆಗೆದ ಚೌಲ್ಟ್ರಿಯ ತಾರಸಿಗಿಂತ ನಮಗೆ ಬೇಕಿದ್ದದ್ದು ಅಜ್ಜಿಯ ಪಕ್ಕ ಕೂತ ಅಕ್ಕನ ಫೋಟೊ.

ಹಾಗಾಗಿ 32 ಫೋಟೊಗಳ ಪಟ್ಟಿ ಬರೆದು ಕೊಟ್ಟೆ. ಅಜ್ಜಿಯ ಜೊತೆ, ಸೋದರಮಾವನ ಜೊತೆ, ಹೂ ಕಟ್ಟಿದ ಅತ್ತೆಯರ ಜೊತೆ, ಅಡುಗೆಯವರ ಜೊತೆ. ಎಲ್ಲ ಒರಿಜಿನಲ್ ಫೋಟೊ ಹಾರ್ಡ್‌ಡಿಸ್ಕ್‌ನಲ್ಲಿ ಕೊಡಬೇಕು, ಆಲ್ಬಂ ಯಾವ ದಿನ ಕೈಸೇರಬೇಕು, ಕೊನೆಯ ಕಂತು ಯಾವಾಗ ಎಂಬುದನ್ನೆಲ್ಲ ಕಾಗದದಲ್ಲಿ ಬರೆಸಿಕೊಂಡೆ. ತಾಳಿ ಕಟ್ಟುವಾಗ ವೇದಿಕೆಯ ಮುಂದೆ ಯಾರೂ ಅಡ್ಡ ನಿಲ್ಲಬಾರದು ಎಂಬ ಷರತ್ತನ್ನೂ ಸೇರಿಸಿದೆ. ಅಕ್ಷತೆ ಹಿಡಿದು ಬಂದವರು ಕ್ಯಾಮೆರಾದವರ ಬೆನ್ನಿಗೆ ಹಾಕಿ ಹೋಗುವುದು ಎಷ್ಟು ಮದುವೆಗಳಲ್ಲಿ ನೋಡಿಲ್ಲ! ವಿವಾಹ ನೋಂದಣಿಗೆ ಲಗ್ನಪತ್ರಿಕೆ ಮತ್ತು ಮದುವೆಯ ಫೋಟೊ ಕೇಳುತ್ತಾರೆ, ಹಾಗಾಗಿ ಇಬ್ಬರ ಮುಖವೂ ಸ್ಪಷ್ಟವಾಗಿರುವ ಒಂದು ಫೋಟೊವನ್ನು ಮೊದಲೇ ಕೊಡಲು ಹೇಳಿದೆವು. ಒಟ್ಟು 70,000ಕ್ಕೆ ಒಪ್ಪಿದರು.

ಕಷ್ಟವಾದದ್ದು ಬೀಗರಿಗೆ ಹೇಳುವುದು. ‘ನಮ್ಮ ಕಡೆ ಎಲ್ಲರಿಗೂ ಡಬ್ಬಿ ಕೊಡ್ತೀವಿ, ಎಲ್‌ಇಡಿ ವಾಲ್ ಹಾಕಿಸ್ತೀವಿ’ ಎಂದು ಭಾವನ ಚಿಕ್ಕಪ್ಪ ಫೋನ್ ಮಾಡಿದರು. ಅಪ್ಪ ಫೋನ್ ಹಿಡಿದು ‘ಹ್ಞೂಂ, ಹ್ಞೂಂ’ ಅನ್ನುತ್ತಿದ್ದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅಕ್ಕ ನೇರವಾಗಿ ಭಾವನಿಗೇ ಹೇಳಿದಳು: ‘ನಮ್ಮಮ್ಮನ ಒಡವೆ ಅಡ ಇಟ್ಟು ಡಬ್ಬಿ ಹಂಚೋದು ನಂಗಿಷ್ಟ ಇಲ್ಲ ರೀ.’ ಮಾರನೇ ದಿನ ಭಾವ ನನಗೇ ಫೋನ್ ಮಾಡಿ, ‘ಚಿಕ್ಕಪ್ಪನ ಹತ್ರ ನಾನು ಮಾತಾಡ್ತೀನಿ. ಫೋಟೊದಲ್ಲಿ ಇಬ್ರೂ ಇರ್ತೀವಲ್ಲ, ಅರ್ಧ ದುಡ್ಡು ನಂದು ಅಂತ ಬರ್ಕೊಳ್ಳಮ್ಮ’ ಅಂದರು. ಖರ್ಚೆಲ್ಲ ಹೆಣ್ಣಿನ ಕಡೆಯದೇ ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆ? ಕೇಳದೇ ಇದ್ದಿದ್ದರೆ ಆ 35,000 ನಮ್ಮ ಪುಟದಲ್ಲೇ ಉಳಿಯುತ್ತಿತ್ತು.

ಕೊನೆಗೆ ಮೂರು ಬಾಬ್ತು ಸೇರಿ ನಮ್ಮ ಪಾಲಿಗೆ ಬಂದದ್ದು 1,10,400. ಉಳಿದ 39,600 ರೂಪಾಯಿಯನ್ನು ಊಟದ ಖರ್ಚು ನುಂಗಿತು, ಅದು ಬೇರೆ ಮಾತು! ‘ಡಬ್ಬಿ ಇಲ್ವಾ?’ ಎಂದು ಕೇಳಿದವರು ಇದ್ದರು. ಅದಕ್ಕಿಂತ ಹೆಚ್ಚು ಜನ ಕಾಯಿಯ ತೂಕ ನೋಡಿ ಖುಷಿಪಟ್ಟರು. ಅಮ್ಮ ಎರಡೆಳೆ ಸರ ಹಾಕಿಕೊಂಡೇ ಮಗಳನ್ನು ಧಾರೆಯೆರೆದು ಕೊಟ್ಟರು.

ಕೆಲಸ ಇನ್ನೂ ಸಿಕ್ಕಿಲ್ಲ, ಓದುತ್ತಿದ್ದೇನೆ. ಆದರೆ ದರ ವಿಚಾರಿಸುವುದು, ಬರೆಸಿಕೊಳ್ಳುವುದು, ಹಿರಿಯರ ಮುಂದೆ ಅಂಜದೆ ಅಂಕಿ ಇಡುವುದು ಈ ಮೂರನ್ನು ಎರಡು ತಿಂಗಳಲ್ಲಿ ಕಲಿತೆ. ನಿಮ್ಮ ಮನೆಯಲ್ಲೂ ಅಕ್ಕನದ್ದೋ ಅಣ್ಣನದ್ದೋ ಮದುವೆ ಇದ್ದು, ‘ನೀನು ಖಾಲಿ ಇದ್ದೀಯಲ್ಲ’ ಎಂದು ಯಾರಾದರೂ ಅಂದರೆ ಬೇಜಾರಾಗಬೇಡಿ. ಬಾಳೆಎಲೆ ತೊಳೆಯುವ ಕೆಲಸದ ಜೊತೆಗೆ ಲೆಕ್ಕದ ಪುಸ್ತಕವನ್ನೂ ಕೇಳಿ ಇಸ್ಕೊಳ್ಳಿ.